ಅಕ್ಕವ್ವನ ಕೈಗುಣ

ರಾಯಬಾಗದ ಹತ್ತಿರದ ಆ ಊರಲ್ಲಿ ಬಿತ್ತನೆ ಎಂದರೆ ಮೊದಲ ಕರೆ ಅಕ್ಕವ್ವನಿಗೆ. ಕೂರಿಗೆಯ ಬಟ್ಟಲಿಗೆ ಅವಳು ಮೊದಲ ಹಿಡಿ ಬೀಜ ಹಾಕಿದರೆ ಬೆಳೆ ಕೈಬಿಡುವುದಿಲ್ಲ ಎಂದು ನಂಬಿಕೆ. ಅವಳದೇ ಹೊಲ ಕೆಟ್ಟ ಮೇಲೆ ಆ ಕರೆ ನಿಂತಿತು. ‘ಅಕಿ ಕೈ ತಾಗಿ ಹೊಲಾ ಸವಳಾತು’ ಎನ್ನುವವರ ಬಾಯಿಗೆ ಬೀಗ ಹಾಕುವವರು ಯಾರು? ಅಕ್ಕವ್ವ ಒಳಗೊಳಗೇ ಸುಟ್ಟುಹೋದಳು.

ಅದು ಊರಲ್ಲೇ ಇದ್ದ ತವರಿನವರು ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಹೊಲ. ಅಣ್ಣ ಮುರಗೆಪ್ಪ ಕಲ್ಲುಗರಸಿನ ಕೆಂಪು ಮಸಾರಿ ನೆಲವನ್ನು ತಾನಿಟ್ಟುಕೊಂಡು, ತಂಗಿಗೆ ಅಪ್ಪಟ ಕಪ್ಪು ಎರೆಭೂಮಿ ಬಿಟ್ಟುಕೊಟ್ಟ. ಅವನ ಪ್ರೀತಿಯಲ್ಲಿ ಖೋಟ ಇರಲಿಲ್ಲ, ಇತ್ತೆಂದರೆ ನಾಲಗೆ ಬಿದ್ದುಹೋದೀತು. ಜಲಾಶಯದ ಕಾಲುವೆ ನೀರಿಗೆ ಕಬ್ಬು ಹಚ್ಚಲು ಕಲಿಸಿದವನೂ ಅವನೇ.

“ನೀರ ಬಂದಾಗ ತಡೀಬ್ಯಾಡ ಬೇ. ಕುಡದಷ್ಟೂ ಕಬ್ಬ ದಪ್ಪ ಆಕ್ಕೈತಿ.”

ಅವನ ಮಸಾರಿಯಲ್ಲಿ ಬಿಟ್ಟ ನೀರು ಬಸಿದುಹೋಗುತ್ತಿತ್ತು. ಎರೆ ಹಾಗಲ್ಲ, ಕುಡಿದದ್ದನ್ನು ಬಿಡುವುದಿಲ್ಲ. ಮೊದಮೊದಲು ಕಬ್ಬು ಭರ್ಜರಿ ಬಂತು. ಆಮೇಲೆ ನೀರು ಒಳಗೇ ನಿಂತು, ಅಡಿಯ ಉಪ್ಪು ಮೇಲೆದ್ದು, ನೆಲ ಸುಣ್ಣ ಚೆಲ್ಲಿದಂತೆ ಬೆಳ್ಳಗಾಯಿತು. ಅದೇ ಸವಳು. ಜೋಳ ಕೂಡ ಮೊಳೆಯಲಿಲ್ಲ.

ಪಂಚಮಿಗೆ ಉಂಡಿ ಹಿಡಿದು ಬಂದ ಮುರಗೆಪ್ಪ ತಲೆ ತಗ್ಗಿಸಿ ಹೇಳಿದ: “ನನ್ನ ಮಸಾರ್ಯಾಗ ಅರ್ಧಾ ತಗೋ.”

“ಹೊಲಾ ಬ್ಯಾಡಣ್ಣ. ನೀ ಹೇಳಿದಂಗ ನೀರ ಬಿಟ್ಟು ಕೆಟ್ಟಿತು ಅಂತ ಮಂದಿ ಮುಂದ ಒಮ್ಮೆ ಅಂದಬಿಡು. ನನಗಷ್ಟ ಸಾಕು.”

ಮುರಗೆಪ್ಪ ಒಪ್ಪಿದ. ಹಿಂಗಾರಿ ಬಿತ್ತನೆಗೆ ತಾನೇ ಅವಳನ್ನು ನೆರೆಯ ಮಲಕಾರಿಯ ಹೊಲಕ್ಕೆ ಕರೆದೊಯ್ದ. ಮಲಕಾರಿ ಹಿಂದೆಮುಂದೆ ನೋಡಿದ.

“ಮುರಗೆಪ್ಪಣ್ಣ, ನನ್ನ ಹೊಲಾನೂ ಸವಳಾದ್ರ?”

ಬಿತ್ತನೆಗೆ ಸೇರಿದ್ದವರೆಲ್ಲ ಮುರಗೆಪ್ಪನತ್ತ ತಿರುಗಿದರು. ಒಕ್ಕಲುತನದಲ್ಲಿ ಇಡೀ ಊರು ಅವನ ಮಾತು ಕೇಳುತ್ತಿತ್ತು. ಅವನು ಎತ್ತಿನ ಕಡೆ ಸರಿದ.

“ಕೈಗುಣ ಅಲ್ಲೋ. ನೀರ ಹೆಚ್ಚಾತು. ಪಾಪ, ಅಕೀಗಿ ತಿಳೀಲಿಲ್ಲ.”

ಮಲಕಾರಿ ಮನಸ್ಸು ಹಗುರಾಗಿ ಬೀಜದ ಬುಟ್ಟಿ ಚಾಚಿದ. ಅಕ್ಕವ್ವ ಅಣ್ಣನ ಮುಖ ನೋಡಿದಳು. ಅವನು ಎತ್ತಿನ ಕೊರಳ ಹಗ್ಗ ಸರಿಮಾಡುತ್ತಿದ್ದ.

“ಹೌದಪಾ, ನನಗ ತಿಳೀಲಿಲ್ಲ,” ಎಂದು ಹಿಡಿ ಬೀಜ ಹಾಕಿದಳು. ತಾಯಿ ಸತ್ತಾಗಲೂ ಅವಳಿಗೆ ಅಷ್ಟು ಸಂಕಟವಾಗಿರಲಿಲ್ಲ.

ಈಗ ಬಿತ್ತನೆಗೆ ಮತ್ತೆ ಕರೆ ಬರುತ್ತದೆ, ಹೋಗುತ್ತಾಳೆ. ದಾರಿಯಲ್ಲಿ ಮುರಗೆಪ್ಪ ಎದುರಾದರೆ ಸೆರಗು ಸರಿಮಾಡಿಕೊಂಡು, ಪರವೂರಿನವರನ್ನು ಕೇಳುವ ಹಾಗೆ, “ಆರಾಮ ಅದೀರೇನ್ರಿ?” ಎನ್ನುತ್ತಾಳೆ.