ಒಂದು ಜಿಬಿಯ ಮನೆ

ನನ್ನ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಇಟ್ಟಿರುವುದು ಕಂಪ್ಯೂಟರಿಗೆ ಪಟ ಮೂಡಿಸಿಕೊಡುವ ಒಂದು ಹಳೆಯ ಗ್ರಾಫಿಕ್ಸ್ ಕಾರ್ಡ್. ಅದರ ಪುಟ್ಟ ಫ್ಯಾನು ತಿರುಗದೆ ವರ್ಷಗಳಾದವು. ಹೊಸದು ಕಂಪ್ಯೂಟರಿನ ಒಳಗಿದೆ, ಮೂರು ಫ್ಯಾನಿನದು, ಜೋಲು ಬೀಳದಂತೆ ಕೆಳಗೆ ಒಂದು ಆಸರೆ ಕೊಟ್ಟಿದ್ದೇನೆ. ಹಳೆಯದರ ಮೆಮೊರಿ ಒಂದು ಜಿಬಿ, ಹೊಸದರದ್ದು ಹದಿನಾರು. ಹಳೆಯದರಲ್ಲಿ ಲೆಕ್ಕ ಮಾಡುವ ಕೋರ್‌ಗಳು ತೊಂಬತ್ತಾರು, ಹೊಸದರಲ್ಲಿ ನಾಲ್ಕು ಸಾವಿರಕ್ಕೂ ಮೇಲೆ. ಮೆಮೊರಿಗೂ ಕೋರ್‌ಗಳಿಗೂ ನಡುವಿನ ದಾರಿಯ ಅಗಲ ಮಾತ್ರ ಎರಡರಲ್ಲೂ ನೂರ ಇಪ್ಪತ್ತೆಂಟು ಬಿಟ್. ವೇಗ ಎಷ್ಟೋ ಪಟ್ಟು ಏರಿದೆ, ಅಗಲ ಇದ್ದಷ್ಟೇ. ಇಂಥ ಹೋಲಿಕೆಗಳನ್ನು ಯಾರಾದರೂ ಕೇಳಿದರೆ ಮೊದಲೆಲ್ಲ ಅರ್ಧ ದಿನ ಕೊರೆಯುತ್ತಿದ್ದೆ. ಈಗ ಆ ಹುಚ್ಚು ಬಿಟ್ಟಿದೆ. ಬಿಡಿಸಿದ್ದು ಒಬ್ಬ ಗಿರಾಕಿ.

ನನ್ನ ಕೆಲಸ ಮನೆಗಳ ಎಲಿವೇಶನ್ ಮಾಡುವುದು, ಅಂದರೆ ಕಟ್ಟುವ ಮೊದಲೇ ಮನೆಯ ಮುಖದ ಪಟ ತೆಗೆದುಕೊಡುವುದು. ಪಂಪ್‌ವೆಲ್‌ನಲ್ಲಿ ಒಂದು ಕೋಣೆ, ಅದೇ ನನ್ನ ಆಫೀಸು. ನಮ್ಮ ಊರಿನವರಿಗೆ ಒಳಗೆ ಅಡುಗೆಮನೆ ಎಲ್ಲಿ ಬರುತ್ತದೆ ಎನ್ನುವುದಕ್ಕಿಂತ ಮೊದಲು ಎಲಿವೇಶನ್ ಹೇಗಿದೆ ಎಂದು ಗೊತ್ತಾಗಬೇಕು. ಅದರಲ್ಲೂ ಗಲ್ಫಿನಲ್ಲಿರುವವರಿಗೆ. ರಜೆ ಮುಗಿಸಿ ವಿಮಾನ ಹತ್ತುವಾಗ ಮನೆಯಿಲ್ಲದಿದ್ದರೂ ಮನೆಯ ಪಟ ಕೈಯಲ್ಲಿರಬೇಕು.

ನನ್ನ ಹುಚ್ಚು ಬಿಡಿಸಿದ ಆ ಗಿರಾಕಿ ಮೊದಲ ಸಲ ಬಂದಾಗ ನನ್ನ ಕೋಣೆಯ ಎದುರಿನ ಫ್ಲೈಓವರ್ ಇನ್ನೂ ಆಗಿರಲಿಲ್ಲ. ಗಲ್ಫಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದ, ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಅವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಹೆಂಡತಿಯೊಂದಿಗೆ ಬಂದಿದ್ದರು. ಶಕ್ತಿನಗರದಲ್ಲಿ ಐದು ಸೆಂಟ್ಸ್ ಜಾಗ ಕೊಂಡಿದ್ದರು. ಬೇಕಾದದ್ದು ಎರಡು ಬೆಡ್‌ರೂಮು, ಮುಂದೆ ಕೂರಲು ಒಂದು ಸಿಟ್‌ಔಟ್, ಕೈಕಾಲು ತೊಳೆಯಲು ಹೊರಗೊಂದು ನಳ್ಳಿ. ಹೆಂಡತಿ ಕೇಳಿದ್ದು ಒಂದೇ, ಅಡುಗೆಮನೆಗೆ ಬೆಳಗಿನ ಬಿಸಿಲು ಬರಬೇಕು.

ಮಾಡಿಕೊಟ್ಟೆ. ಬೆಳಿಗ್ಗೆ ಕಂಪ್ಯೂಟರಿಗೆ ಹಚ್ಚಿದ ಪಟ ಸಂಜೆಗೆ ತಯಾರಾಯಿತು. ಈಗ ಮೇಜಿನ ಮೇಲಿರುವ ಆ ಒಂದು ಜಿಬಿ ಕಾರ್ಡಿನ ಮೆಮೊರಿಗೆ ಎರಡು ತೆಂಗಿನ ಮರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ, ಮೂರನೆಯದು ಹಾಕಿದರೆ ಕಂಪ್ಯೂಟರ್ ಸ್ತಬ್ಧ. ಹಾಗಾಗಿ ಎರಡೇ ಮರ, ಒಂದು ನೆಲಮಹಡಿ, ಗಾಜಿನ ಬದಲು ಕಿಟಕಿಯಲ್ಲಿ ಬರೀ ನೀಲಿ ಬಣ್ಣ. ಚಂದವೇನೂ ಇರಲಿಲ್ಲ. ಆದರೆ ಆ ಮನೆಯನ್ನು ಕಟ್ಟುವ ತಾಕತ್ತು ಅವರಿಗಿತ್ತು. “ಮುಂದಿನ ರಜೆಯಲ್ಲಿ ಪಂಚಾಂಗ ಹಾಕುವ” ಎಂದು ಅಡಿಪಾಯದ ಮಾತಾಡಿ ಹೋದರು.

ಮುಂದಿನ ರಜೆ ಬಂದದ್ದು ಎರಡು ವರ್ಷಕ್ಕೆ. ಅಷ್ಟರಲ್ಲಿ ನಾನು ಹತ್ತು ಪಟ್ಟು ಕೋರ್‌ಗಳ ಹೊಸ ಕಾರ್ಡ್ ತಂದಿದ್ದೆ. ಅದನ್ನು ಪರೀಕ್ಷಿಸಬೇಕೆಂದು ಕೈ ತುರಿಸುತ್ತಿತ್ತು. ಎದುರಿಗೆ ಕೂತವರು ಇವರು.

“ಒಂದು ಮಹಡಿ ಹಾಕಿ ತೋರಿಸ್ತೇನೆ, ಸುಮ್ಮನೆ ನೋಡಿ” ಎಂದೆ.

“ಬೇಡ ಮಾರಾಯ್ರೆ, ನಮಗೆ ಅಷ್ಟೆಲ್ಲ ಎಂತಕೆ?”

“ನೋಡ್ಲಿಕ್ಕೆ ಎಂತ ಖರ್ಚು ಉಂಟು?”

ಮಹಡಿ ಹಾಕಿದೆ, ಬಾಲ್ಕನಿ ಹಾಕಿದೆ, ಅದಕ್ಕೆ ಗಾಜಿನ ರೇಲಿಂಗ್ ಹಾಕಿದೆ. ಹೊಳೆಯುವ ವಸ್ತುಗಳಲ್ಲಿ ಆ ಕಾರ್ಡಿನ ಶಕ್ತಿ ಎದ್ದು ಕಾಣುತ್ತಿತ್ತು ಎನ್ನುವ ಒಂದೇ ಕಾರಣಕ್ಕೆ ಅಂಗಳದಲ್ಲಿ ಒಂದು ಕಪ್ಪು ಕಾರನ್ನೂ ನಿಲ್ಲಿಸಿದೆ. ಅವರಿಗೆ ಡ್ರೈವಿಂಗೇ ಬರುತ್ತಿರಲಿಲ್ಲ. ಅವರು ಪರದೆಯ ಹತ್ತಿರ ಬಗ್ಗಿ ಕಾರಿನ ಬಾಗಿಲಿನಲ್ಲಿ ಮೂಡಿದ್ದ ಮನೆಯ ಪ್ರತಿಬಿಂಬವನ್ನು ತುಂಬ ಹೊತ್ತು ನೋಡಿದರು. ಆ ಪ್ರಿಂಟನ್ನು ಕುಟುಂಬದವರೆಲ್ಲ ನೋಡಿದರಂತೆ. ಎಲ್ಲರೂ ಕಂಡಾದ ಮೇಲೆ ಚಿಕ್ಕದನ್ನು ಕಟ್ಟಲು ಅವರಿಗೆ ನಾಚಿಕೆಯಾಯಿತು. ದೊಡ್ಡದನ್ನು ಕಟ್ಟಲು ಇನ್ನೂ ನಾಲ್ಕು ವರ್ಷ ದುಡಿಯಬೇಕಿತ್ತು. ವಾಪಸು ಹೋದರು.

ನಾನು ಬುದ್ಧಿ ಕಲಿಯಲಿಲ್ಲ. ಮುಂದಿನ ಕಾರ್ಡ್ ಬಂತು, ಬೆಳಕಿನ ಕಿರಣ ಎಲ್ಲಿ ಬಡಿದು ಎಲ್ಲಿಗೆ ಪುಟಿಯುತ್ತದೆ ಎಂದು ತಾನೇ ಲೆಕ್ಕ ಹಾಕುತ್ತಿತ್ತು. ಅದಕ್ಕೆ ತಕ್ಕ ಹಾಲ್ ಬೇಡವೇ? ಎರಡು ಮಹಡಿ ಎತ್ತರದ ಹಾಲ್ ಮಾಡಿದೆ, ಮಾರ್ಬಲ್ ಹಾಸಿದೆ, ತೂಗುದೀಪ ಇಳಿಬಿಟ್ಟೆ. ಅವರು ರಜೆಗೆ ಬಂದಾಗಲೆಲ್ಲ ಕುರ್ಚಿ ಎಳೆದುಕೊಂಡು ಕೂತು, “ನಮ್ಮ ಮನೆ ಎಲ್ಲಿಗೆ ಮುಟ್ಟಿತು?” ಎಂದು ನಗುತ್ತಿದ್ದರು. ಶಕ್ತಿನಗರದ ಜಾಗದಲ್ಲಿ ಹುಲ್ಲು ಬೆಳೆಯುತ್ತಿತ್ತು. ಅವರ ಸಂಸಾರ ಬಾಡಿಗೆ ಮನೆಯಲ್ಲೇ ಇತ್ತು. ನನ್ನ ಕಾರ್ಡು ಬದಲಾದಂತೆಲ್ಲ ಅವರ ಮನೆ ಅವರ ಕೈಯಿಂದ ಇನ್ನಷ್ಟು ದೂರ ಹೋಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ಪಟ ಚಂದ ಬರುತ್ತಿತ್ತು, ಸುಮ್ಮನಿದ್ದೆ.

ಈ ವರ್ಷ ಬಂದಾಗ ಅವರು ರಜೆಯಲ್ಲಿರಲಿಲ್ಲ. ಕಂಪನಿಯವರು ವಯಸ್ಸಾಯಿತೆಂದು ಕಳಿಸಿಬಿಟ್ಟಿದ್ದರು. ಹೆಂಡತಿಗೆ ಎರಡೂ ಕಿಡ್ನಿ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದಕ್ಕಾಗಿ ಜಾಗ ಮಾರಿದ್ದರು. ರಿಜಿಸ್ಟ್ರೇಶನ್ ಮುಗಿಸಿ ನೇರ ನನ್ನ ಕೋಣೆಗೆ ಬಂದಿದ್ದರು.

ಚಾ ತರಿಸಿದೆ. ದೊಡ್ಡ ಮನೆಯ ಫೈಲ್ ತೆರೆಯಲು ಹೋದಾಗ ಅವರು ಕೈ ಅಡ್ಡ ಹಿಡಿದರು.

“ಅದಲ್ಲ. ಸುರುವಿಗೆ ಮಾಡಿದ್ದು ಉಂಟಲ್ಲ, ಸಣ್ಣದು. ಅದು ಉಂಟಾ?”

ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಹುಡುಕಿದೆ. ಇತ್ತು. ಹಿಂದೆ ಇಡೀ ಹಗಲು ತಿಂದಿದ್ದ ಆ ಪಟವನ್ನು ಹೊಸ ಕಾರ್ಡ್ ಒಂಬತ್ತು ಸೆಕೆಂಡಿನಲ್ಲಿ ಮುಗಿಸಿತು. ಈ ಸಲ ಬೆಳಕು ಸರಿಯಾಗಿ ಬಿದ್ದಿತ್ತು. ನೀಲಿ ಬಣ್ಣವಿದ್ದಲ್ಲಿ ನಿಜವಾದ ಗಾಜು ಹಾಕಿದ್ದೆ. ಗಾಜಿನೊಳಗೆ ನೋಡಿದರೆ, ಅಡುಗೆಮನೆಯ ಕಿಟಕಿಯಿಂದ ಬಂದ ಬೆಳಗಿನ ಬಿಸಿಲು ಒಲೆಯ ಕಟ್ಟೆ ದಾಟಿ ಎದುರಿನ ಗೋಡೆಯವರೆಗೆ ಹೋಗಿತ್ತು. ಸಿಟ್‌ಔಟಿನ ಪಕ್ಕ ನಳ್ಳಿ, ಎರಡು ತೆಂಗಿನ ಮರ. ಇಷ್ಟು ವರ್ಷ ನಾನು ಮಾಡಿದ ಮನೆಗಳಲ್ಲೆಲ್ಲ ಇದೇ ಚಂದದ್ದು ಎಂದು ಆಗ ಅನಿಸಿತು. ಅನಿಸಿ ಮಾಡುವುದೇನು?

ಅವರು ಕನ್ನಡಕ ಹಾಕಿಕೊಂಡು ಬೆರಳನ್ನು ಪರದೆಗೆ ಮುಟ್ಟಿಸಿದರು. ನೋಡಿದ್ದು ಬಿಸಿಲನ್ನಲ್ಲ.

“ಒಂದು, ಎರಡು. ಎರಡೇ ಮೆಟ್ಟಿಲು ಅಲ್ವಾ ಇದಕ್ಕೆ?”

“ಹೌದು, ಎರಡೇ.”

“ಈಗಿನ ಬಾಡಿಗೆ ಮನೆಗೆ ಹತ್ತೊಂಬತ್ತು ಉಂಟು. ಆಸ್ಪತ್ರೆಯಿಂದ ಬಂದ ದಿನ ಅವಳಿಗೆ ಹತ್ತಲಿಕ್ಕೆ ಆಗುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾನೂ ಕೆಳಗಿನ ಅಂಗಡಿಯವನೂ ಎತ್ತುವುದು. ಅವಳಿಗೆ ನಾಚಿಕೆ, ಮುಖ ಮುಚ್ಚಿಕೊಳ್ತಾಳೆ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಹಡಿ ಹಾಕಿ ತೋರಿಸಿದವನು ನಾನೇ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. ಏನಾದರೂ ಕೊಡಬೇಕು ಎನಿಸಿತು. ಕೊಡಲು ನನ್ನ ಹತ್ತಿರ ಇದ್ದದ್ದು ಮತ್ತೆ ಅದೇ.

“ಪ್ರಿಂಟ್ ತೆಗೆದು ಕೊಡ್ಲಾ?” ಎಂದೆ.

ಅವರು ಚಾದ ಲೋಟ ಕೆಳಗಿಟ್ಟು ಎದ್ದರು.

“ಬೇಡ ಮಾರಾಯ್ರೆ. ಮನೆಗೆ ತಕೊಂಡು ಹೋದ್ರೆ ಅವಳು ನೋಡ್ತಾಳೆ.”