ಮಳೆಯಲ್ಲಿ ಬ್ರೇಕ್ ಹಿಡಿಯುವುದಿಲ್ಲ

ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಆದರೂ ನಾಲ್ಕು ವರ್ಷ ಮುಂಬಯಿಗೆ ಬಂದು ನೆಲೆಸಿದ ನಮ್ಮ ತುಳುವರ ಸಂಘದ ಸೈಕಲ್ ರೇಸಿಗೆ ನಾನೇ ದಾಖಲೆಗಾರ. ಪತ್ರಿಕೆಯಲ್ಲಿ ಕೆಲಸ ಮಾಡುವವನು ಗಂಟೆ-ನಿಮಿಷ ತಪ್ಪದೆ ಬರೆಯುತ್ತಾನೆಂದು ಜನರ ನಂಬಿಕೆ. ಅವರು ನಮ್ಮ ಪತ್ರಿಕೆಯನ್ನು ಗಮನವಿಟ್ಟು ಓದುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನವಿಮುಂಬಯಿಯ ನೆರೂಳದಲ್ಲಿ, ಖಾಡಿಯ, ಎಂದರೆ ಕಡಲ ಹಿನ್ನೀರಿನ, ಪಕ್ಕದ ರಸ್ತೆಯಲ್ಲಿ ನಾಲ್ಕು ಸುತ್ತು. ರೇಸಿನ ದಿನ ಗೊತ್ತುಮಾಡುವ ಕ್ರಮ ಮಾತ್ರ ನಮ್ಮದೇ: ಪತ್ತನಾಜೆಗೆ ಹಿಂದಿನ ಭಾನುವಾರ. ಪತ್ತನಾಜೆಯೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ, ತುಳುವರ ಎಣಿಕೆಯಲ್ಲಿ ಮಳೆಗಾಲದ ಹೊಸ್ತಿಲು. ಉಡುಪಿಯ ಮೋಡಕ್ಕೆಂದು ಹಿರಿಯರು ಹಾಕಿದ ಲೆಕ್ಕವನ್ನು ನಾವು ನವಿಮುಂಬಯಿಯ ಆಕಾಶಕ್ಕೂ ಹಚ್ಚಿದ್ದೆವು. ಆಕಾಶಕ್ಕೆ ತುಳು ಬರುತ್ತದೆಯೇ ಎಂದು ಯಾರೂ ವಿಚಾರಿಸಿರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸಿನ ಒಂದು ಮೇ ತಿಂಗಳು. ಮೂರನೆಯ ಸುತ್ತಿನ ಹೊತ್ತಿಗೆ ಖಾಡಿಯ ಆಚೆ ಕಪ್ಪಿಟ್ಟಿತು. ತಿರುವಿನಲ್ಲಿ ಪುಸ್ತಕ ಹಿಡಿದು ನಿಂತಿದ್ದ ನಾನು ಸಂಘದ ಕಾರ್ಯದರ್ಶಿಗೆ ಫೋನು ಮಾಡಿದೆ.

"ಪತ್ತನಾಜೆ ಆಗದೆ ಎಂತ ಮಳೆ ಮಾರಾಯ್ರೆ? ಎರಡು ಹನಿ ಬಿದ್ರೆ ಧೂಳು ಕೂರ್ತದೆ. ಉಡುಪಿಯವರನ್ನು ಮಳೆಗೆ ಹೆದರಿಸ್ಬೇಡಿ," ಎಂದು ನಕ್ಕರು.

ಮೊದಲು ಧೂಳು ಬಂತು. ಹಿಂದೆಯೇ ಗಾಳಿ, ಅದರ ಹಿಂದೆ ಅಡ್ಡಡ್ಡ ಹೊಡೆಯುವ ಮಳೆ. ಹತ್ತು ನಿಮಿಷದ ಹಿಂದೆ ಬೆವರುತ್ತಿದ್ದವರು ನಡುಗತೊಡಗಿದರು. ಇಂಥ ಹೊತ್ತಿನಲ್ಲಿ ಅನುಭವಸ್ಥರು ಬ್ರೇಕನ್ನು ಆಗಾಗ ಮೆಲ್ಲಗೆ ಒತ್ತಿ ಚಕ್ರದ ಅಂಚಿನ ನೀರು ಒರೆಸಿಕೊಳ್ಳುತ್ತಾರಂತೆ, ರಸ್ತೆಯ ಬಿಳಿ ಬಣ್ಣವನ್ನು ಹಾವು ಕಂಡವರಂತೆ ತಪ್ಪಿಸುತ್ತಾರಂತೆ. ತೀರ ಅನುಭವಸ್ಥರು ಇಳಿದು ಚಹಾ ಕುಡಿಯುತ್ತಾರೆ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ತಡವಾಗಿ ತಿಳಿಯುವುದು ನನ್ನ ವೃತ್ತಿಯ ಗುಣ.

ಸದಾನಂದಣ್ಣ ಬಂದರು. ಕಳವಾ ಎಂಬಲ್ಲಿನ ಹೋಟೆಲೊಂದರ ಮ್ಯಾನೇಜರು. ಹಿಂದಿನ ಮೂರು ವರ್ಷವೂ ಎರಡನೆಯ ಸ್ಥಾನ. ನಲವತ್ತೈದು ತುಂಬುವುದರಲ್ಲಿತ್ತು; ಮುಂದಿನ ವರ್ಷದಿಂದ ಹಿರಿಯರ ವಿಭಾಗ. ಮುಖ್ಯ ರೇಸು ಗೆಲ್ಲಲು ಉಳಿದದ್ದು ಅದೊಂದೇ ಬೆಳಿಗ್ಗೆ. ನನ್ನೆದುರು ಕಾಲೂರಿ ನಿಂತರು. ಬೆರಳುಗಳು ಬಿಳಿಚಿಕೊಂಡಿದ್ದವು.

"ಬ್ರೇಕ್ ಹಿಡೀತಾ ಇಲ್ಲ ಸರ್. ಮುಂದೆ ಎಷ್ಟು ಜನ?"

"ಒಬ್ಬರು. ನಲವತ್ತು ಸೆಕೆಂಡು."

"ಬಿಡುವುದಾ, ಹೋಗುವುದಾ? ನೀವು ಹೇಳಿ."

"ಅದು ನಿಮ್ಮ ತೀರ್ಮಾನ," ಎಂದೆ.

ನಾನು ಕೊಟ್ಟ ಮಾಹಿತಿ ಪೂರ್ತಿ ಸರಿಯಿತ್ತು. ಅಭಿಪ್ರಾಯ ಬೆರೆಸಿರಲಿಲ್ಲ. ಇಪ್ಪತ್ತು ವರ್ಷ ಅದನ್ನೇ ಕಲಿತಿದ್ದೆ.

ಅವರು ಹೋದರು. ಮುಂದೆ ಪಾದಚಾರಿಗಳು ದಾಟುವ ಬಿಳಿ ಪಟ್ಟಿಗಳ ಮೇಲೆ ಸೈಕಲ್ ಜಾರಿತು. ನಾನು ಓಡಿದೆ; ಆದರೆ ಓಡುವ ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಂಡೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವರ ಮಗಳು, ಕಾಲೇಜು ಓದುವ ಹುಡುಗಿ, ಮನೆಯ ತುಳು ಅರ್ಥವಾದರೂ ಹಿಂದಿಯಲ್ಲೇ ಮಾತಾಡುವವಳು, "ಅಂಕಲ್, ಆಪ್ ತೋ ವಹೀಂ ಥೇ ನಾ?" ಎಂದಳು. ನೀವು ಅಲ್ಲೇ ಇದ್ದಿರಲ್ಲ, ಎಂದು. ಆಕ್ಷೇಪದ ದನಿಯಿರಲಿಲ್ಲ. ಬರೀ ಪ್ರಶ್ನೆ. ನಾನು ಹೌದೆಂದೆ.

ಸದಾನಂದಣ್ಣ ಮತ್ತೆ ಸೈಕಲ್ ಹತ್ತಲಿಲ್ಲ. ಕೋಲೂರಿಕೊಂಡು ಹೋಟೆಲಿಗೆ ಹೋಗುತ್ತಾರೆ. ಮುಂದಿನ ವರ್ಷ ಒಮ್ಮೆ ನಾನು ಚಹಾಕ್ಕೆಂದು ಅಲ್ಲಿಗೆ ಹೋಗಿ, ಕಪ್ಪನ್ನು ಬಸಿಯ ಮೇಲೆ ತಿರುಗಿಸುತ್ತ ಕೂತಿದ್ದಾಗ ಅವರೇ ಶುರುಮಾಡಿದರು:

"ನೀವು ಬೇಡ ಹೇಳಿದ್ರೂ ನಾನು ಹೋಗ್ತಿದ್ದೆ ಮಾರಾಯ್ರೆ. ನಿಮಗೆ ಎಂತಕ್ಕೆ ತಲೆಬಿಸಿ? ಚಾ ತಣ್ಣಗಾಗ್ತದೆ, ಕುಡೀರಿ."

ಕುಡಿದೆ. ಒಬ್ಬರೇ ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಅಚ್ಚು ಹಾಕಬಾರದೆಂದು ಕಿರಿಯರಿಗೆ ಕಲಿಸಿದವನು ನಾನು. ಈ ಮಾತಿಗೆ ಇರುವ ಇನ್ನೊಬ್ಬ ಸಾಕ್ಷಿ ನಾನೊಬ್ಬನೇ. ನನ್ನನ್ನು ಕೇಳಿದರೆ, ಹೋಗಲೇಬೇಕೆಂದಿದ್ದವರು ಆ ಮಳೆಯಲ್ಲಿ ನಲವತ್ತು ಸೆಕೆಂಡು ಹಿಂದಿರುವಾಗ ಕಾಲೂರಿ ನಿಂತು ಯಾರನ್ನೂ ಏನೂ ಕೇಳುತ್ತಿರಲಿಲ್ಲ.