ಬಗ್ಗದೆ ಎತ್ತಿದ ಬಿಲ್ಲೆ

ಬೆಳಗಿನ ಐದು ಗಂಟೆ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಉತ್ತರ ಕ್ವಿಬೆಕ್‌ನ ನಮ್ಮೂರ ಐಸ್ ಹಾಕಿ ಅಂಗಳದಲ್ಲಿ ಅಂಗಳ ನೋಡಿಕೊಳ್ಳುವ ರೊಸೇರ್ ಗಿಂಗ್ರಾ ಒಂದು ಕಡೆ ನಿಲ್ಲುತ್ತಿಲ್ಲ. ಮಂಜುಗಡ್ಡೆಯ ನೆಲ ನುಣುಪಾಗಲು ನೀರು ಹಾಯಿಸುವ ಮುಂಚೆ ಗೋಲಿನ ಹಿಂದೆ ಚೆಲ್ಲಿರುವ ರಬ್ಬರ್ ಬಿಲ್ಲೆಗಳನ್ನು ಹೆಕ್ಕಬೇಕು. ಅವರು ಬಗ್ಗುವುದಿಲ್ಲ. ಕೋಲಿನ ಅಗಲವಾದ ತುದಿಯನ್ನು ಬಿಲ್ಲೆಯ ಮೇಲೊತ್ತಿ ಮಣಿಕಟ್ಟು ತಿರುವುತ್ತಾರೆ. ಬಿಲ್ಲೆ ಕೋಲಿಗೆ ಕಚ್ಚಿಕೊಂಡು ಮೇಲೇಳುತ್ತದೆ, ಗೋಲಿನ ಕಂಬವನ್ನು ಬಳಸಿ ಬಂದು ಗೋಲಿನ ಮೇಲ್ಮೂಲೆಗೆ ನೇತುಹಾಕಿದ ಬಕೆಟ್ಟಿಗೆ ಬೀಳುತ್ತದೆ. ಟಿ.ವಿ.ಯಲ್ಲಿ ಆಟಗಾರರು ಹೀಗೇ ಗೋಲು ಹೊಡೆದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

"ಗಣೀಲಿ ಬೆನ್ನು ಮುರೀತು. ಬಗ್ಗಬೇಡ ಅಂದ್ರು ಡಾಕ್ಟ್ರು. ಕೋಲಿಗೆ ಸುತ್ತಿದ ಬಟ್ಟೆ ಪಟ್ಟಿ ಒದ್ದೆ ಮಾಡ್ಕೊಂಡೆ, ಈ ಚಳಿಗೆ ಬಿಲ್ಲೆ ಗಪ್ಪಂತ ಅಂಟ್ಕೊಳ್ತು. ಅಷ್ಟೇ ಕಣ್ರೀ," ಎನ್ನುತ್ತಾರೆ ರೊಸೇರ್, ಅವರ ಬಗ್ಗೆ ಬರೆಯಲು ಬಂದಿರುವ ನನಗೆ.

ಮೂವತ್ತೆಂಟು ವರ್ಷದ ಕೆಲಸ, ದಿನಕ್ಕೆ ಏಳು ಸಲ ನೀರು. ಹಿಂದೊಮ್ಮೆ ಬೇರೂರಿನ ಆಟಗಾರನೊಬ್ಬ ಬೆಂಚಿನಲ್ಲಿ ಕೂತು ಇದನ್ನು ನೋಡಿದ, ಮರುವಾರ ಹಾಗೇ ಗೋಲು ಹೊಡೆದ, ಹೊಡೆತಕ್ಕೆ ಹೆಸರೂ ಅವನದಾಯಿತು. ಅದು ಹುಟ್ಟಿದ್ದರ ಬಗ್ಗೆ ಬೇರೆ ಊರುಗಳಲ್ಲಿ ಬೇರೆ ಕಥೆಗಳಿವೆ. ನಾವು ನಂಬುವುದು ಇದನ್ನೇ, ನನಗಂತೂ ಹೊಟ್ಟೆ ಉರಿಯುತ್ತದೆ.

ರೊಸೇರ್‌ಗೆ ಉರಿಯುವುದು ಬೇರೆ. ಶಾಲಾ ಬಸ್ಸು ಓಡಿಸುವ ಅವರ ಮಗಳು ಮಿಲೆನ್ ನಮ್ಮೂರ ಮಹಿಳಾ ತಂಡದಲ್ಲಿ ಗೋಲು ಕಾಯುವವಳು. ಕಳೆದ ವರ್ಷದ ಫೈನಲ್‌ನಲ್ಲಿ, ಕೊನೇ ನಿಮಿಷದಲ್ಲಿ, ಎದುರು ತಂಡದವಳೊಬ್ಬಳ ಇದೇ ಹೊಡೆತ ಅವಳ ಭುಜದ ಮೇಲಿಂದ ಒಳಹೋಯಿತು. "ನಿಮ್ಮಪ್ಪನ ಆಟ ನಿನ್ನನ್ನೇ ನುಂಗ್ತಲ್ಲೇ!" ಎಂದು ಕಾಫಿ ಅಂಗಡಿಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ. ನಾಳಿದ್ದು ಶನಿವಾರ ಅದೇ ತಂಡ ಬರುತ್ತಿದೆ. ಅದಕ್ಕೇ ದಿನಾ ಬಸ್ಸಿನ ಹೊತ್ತಿಗೆ ಮುಂಚೆ ಅಪ್ಪ ಹೊಡೆಯುತ್ತಾರೆ, ಮಗಳು ತಡೆಯುತ್ತಾಳೆ.

ಇವತ್ತು ಬಕೆಟ್ಟು ತೆಗೆದಿಟ್ಟ ಮೇಲೆ ಒಂಬತ್ತು ಹೊಡೆತಕ್ಕೆ ಒಂಬತ್ತನ್ನೂ ಮಿಲೆನ್ ತಡೆಯುತ್ತಾಳೆ. ನಾನು ಚಪ್ಪಾಳೆ ತಟ್ಟುತ್ತೇನೆ. ಅವಳು ನಗುವುದಿಲ್ಲ, ಹತ್ತಿರ ಬಂದು ಅಪ್ಪನ ಕೋಲಿನ ಪಟ್ಟಿ ಮುಟ್ಟಿ ನೋಡುತ್ತಾಳೆ.

"ಒಣಗಿದೆ."

"ಮರ್ತೆ ಕಣೇ."

"ಸುಳ್ಳು. ಶನಿವಾರ ಹೊಡೆಯೋಳು ನಮ್ಮಪ್ಪ ಅಲ್ಲ. ಒದ್ದೆ ಮಾಡು."

ರೊಸೇರ್ ತಲೆ ತಗ್ಗಿಸಿ ಪಟ್ಟಿ ನೆನೆಸುತ್ತಾರೆ. ಒಂದು ಒಳಗೆ. ಇನ್ನೊಂದು ಒಳಗೆ. ಹದಿನಾರೂ ಒಳಗೆ. ನನಗೆ ನೋಡಲಾಗುವುದಿಲ್ಲ.

"ಬಿಲ್ಲೆ ನೋಡ್ಬೇಡ, ನನ್ನ ಮಣಿಕಟ್ಟು ನೋಡು!"

"ನೀನು ಕಿರುಚ್ಬೇಡ, ಹೊಡಿ!"

ಹದಿನೇಳನೆಯದು. ಮಣಿಕಟ್ಟು ತಿರುಗುವ ಮೊದಲೇ ಅವಳ ಭುಜ ಕಂಬಕ್ಕೆ ಅಂಟಿರುತ್ತದೆ. ಬಿಲ್ಲೆ ಭುಜಕ್ಕೆ ಬಡಿದು ಹೊರಗೆ ಬೀಳುತ್ತದೆ. ಮತ್ತೆ ಹೊಡೆಯುತ್ತಾರೆ. ಮತ್ತೆ ಹೊರಗೆ.

ಮಿಲೆನ್ ಗಡಿಯಾರ ನೋಡಿ ಬಸ್ಸಿಗೆ ಓಡುತ್ತಾಳೆ. ರೊಸೇರ್ ಕೈಗವಸಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ.

"ಈ ಹೊಡೆತ ಶುರು ಮಾಡಿದ್ದು ಯಾರಂತ ಗೊತ್ತಿಲ್ಲ ಅಂತ್ಲೇ ಬರ್ಕೊಳಿ, ಪರವಾಗಿಲ್ಲ. ತಡೆದೋಳ ಹೆಸರು ಮಾತ್ರ ಸರಿಯಾಗಿ ಬರೀರಿ. ಮಿಲೆನ್ ಗಿಂಗ್ರಾ."